ಪ್ರಾರ್ಥನೆಯ ಹೊತ್ತಲ್ಲಿ ಕಣ್ಣು ತೆರೆದಿದ್ದವರು

ಸಾಮೂಹಿಕ ಪ್ರಾರ್ಥನೆ ನಡೆಯುತ್ತಿದೆ. ಯಾವ ಧರ್ಮದ್ದು ಎಂದು ಕೇಳಬೇಡಿ, ಯಾವುದಾದರೂ ಆದೀತು. ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದ್ದಾರೆ. ಒಬ್ಬಳು ಮಾತ್ರ ಮುಚ್ಚಿಲ್ಲ. ಅವಳಿಗೆ ಹಟವೇನೂ ಇಲ್ಲ, ಮುಚ್ಚಿದರೆ ಸುಳ್ಳು ಹೇಳಿದಂತಾಗುತ್ತದೆ ಅನ್ನಿಸಿದೆ, ಅಷ್ಟೆ. ಸುಮ್ಮನೆ ಅತ್ತಿತ್ತ ನೋಡುತ್ತಾಳೆ. ಮೂರು ಸಾಲು ಆಚೆ ಇನ್ನೊಂದು ಜೋಡಿ ಕಣ್ಣು ತೆರೆದಿದೆ. ಇಬ್ಬರ ನೋಟವೂ ಕೂಡುತ್ತದೆ. ಮರುಕ್ಷಣವೇ ಇಬ್ಬರೂ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸುತ್ತಾರೆ. ಹೊರಗೆ ಬಂದ ಮೇಲೆ ಚಪ್ಪಲಿ ಹುಡುಕುವಾಗ ಪಕ್ಕಪಕ್ಕವೇ ನಿಂತರೂ ಆ ಬಗ್ಗೆ ಒಬ್ಬರೂ ಮಾತೆತ್ತುವುದಿಲ್ಲ.

ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಹಳೆಯದು. ಅದನ್ನು ನಾನಿಲ್ಲಿ ಮುಟ್ಟುವುದಿಲ್ಲ. ನನ್ನ ಕುತೂಹಲ ಆ ಚಪ್ಪಲಿಯ ಹತ್ತಿರದ ಮೌನದ ಬಗ್ಗೆ. ಗಾಢ ಶ್ರದ್ಧೆಯ ಸಮುದಾಯದಲ್ಲಿ ಸಂದೇಹಪಡುವವರು ಅಪರೂಪ ಎಂದು ಎಲ್ಲರೂ ನಂಬಿದ್ದೇವೆ, ಸ್ವತಃ ಸಂದೇಹಪಡುವವರೂ ನಂಬಿದ್ದಾರೆ. ಸಂದೇಹ ಅಲ್ಲಿ ಅಷ್ಟೇನೂ ಅಪರೂಪವಲ್ಲ, ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ ಎಂಬುದು ನನ್ನ ತರ್ಕ. ಈ ಎರಡರ ನಡುವಿನ ಅಂತರದಲ್ಲೇ ಬಹಳಷ್ಟು ಜನರ ಬದುಕು ಸವೆಯುತ್ತದೆ.

ಜನಗಣತಿಯ ಅಂಕಿಗಳಿಂದ ಈ ಅಂತರ ತಿಳಿಯುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 190 ಕೋಟಿ ಜನ ಯಾವ ಧರ್ಮದ ಜತೆಗೂ ಗುರುತಿಸಿಕೊಂಡಿರಲಿಲ್ಲ. ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಹತ್ತು ವರ್ಷದಲ್ಲಿ ಈ ಸಂಖ್ಯೆ 27 ಕೋಟಿಯಷ್ಟು ಏರಿತ್ತು. ಓದಿದರೆ ಜಗತ್ತೇ ಸಂದೇಹಿಗಳ ಕಡೆ ವಾಲುತ್ತಿದೆ ಅನ್ನಿಸೀತು. ಆದರೆ ಇವರಲ್ಲಿ ಬಹುಪಾಲು ಜನ ಇರುವುದು ಚೀನಾದಲ್ಲಿ. ಧರ್ಮವೇ ಗಾಳಿಯಂತೆ ಆವರಿಸಿರುವ ಕಡೆ ಕೂತ ಒಬ್ಬ ಸಂದೇಹಿಗೆ ಈ 190 ಕೋಟಿಯಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಪಕ್ಕದಲ್ಲಿ ಒಬ್ಬ.

ಒಬ್ಬ ಸಾಕು ಎಂಬುದು ಬರೀ ಭಾವುಕತೆಯ ಮಾತಲ್ಲ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆ್ಯಶ್ ಕಾಲೇಜು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಗೆರೆಗಳನ್ನು ತೋರಿಸಿದ. ಮೂರು ಗೆರೆಗಳಲ್ಲಿ ಯಾವುದು ಈ ಗೆರೆಯಷ್ಟೇ ಉದ್ದವಿದೆ, ಹೇಳಿ. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆ್ಯಶ್‌ನ ಕಡೆಯವರು, ಒಂದೇ ತಪ್ಪು ಉತ್ತರವನ್ನು ಕೂಡಿಯೇ ಹೇಳುವಂತೆ ಮೊದಲೇ ಮಾತಾಗಿತ್ತು. ಪಾಪದ ಹುಡುಗನ ಸರದಿ ಬರುವುದು ಕೊನೆಯಲ್ಲಿ. ಇಂಥ ಸುತ್ತುಗಳಲ್ಲಿ ಮೂರನೇ ಒಂದಂಶಕ್ಕೂ ತುಸು ಹೆಚ್ಚು ಉತ್ತರಗಳು ಗುಂಪಿನ ತಪ್ಪಿಗೇ ಜೋತುಬಿದ್ದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಬಾಯಿಯನ್ನು ನಂಬಿದರು, ಅಥವಾ ನಂಬಿದಂತೆ ನಟಿಸಿದರು.

ಈ ಪ್ರಯೋಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ‘ನೋಡಿ, ಜನ ಕುರಿಗಳು’ ಎಂದು ಮುಗಿಸುತ್ತಾರೆ. ಮುಂದಿನ ಭಾಗವೇ ಮುಖ್ಯ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಮಾಡಿದಾಗ ತಪ್ಪುಗಳು ಮೊದಲಿನ ಕಾಲುಭಾಗಕ್ಕೆ ಇಳಿದವು. ವಿರೋಧ ಕಟ್ಟಲು ಬಹುಮತ ಬೇಕಾಗಿರಲಿಲ್ಲ, ಎರಡನೆಯ ದನಿಯೊಂದು ಸಾಕಾಗಿತ್ತು. ಪ್ರಾರ್ಥನೆಯಲ್ಲಿ ನೋಟ ಕೂಡಿದ ಆ ಇಬ್ಬರು ಚಪ್ಪಲಿ ಹಾಕಿಕೊಳ್ಳುವಾಗ ಒಂದು ಮಾತಾಡಿದ್ದರೆ ಅವರ ಮುಂದಿನ ಹತ್ತು ವರ್ಷ ಬೇರೆಯಾಗಿರುತ್ತಿತ್ತೇನೋ.

ಅವರು ಮಾತಾಡದಿರಲು ಕಾರಣವೇನು ಎಂಬುದಕ್ಕೆ ಇನ್ನೂ ಹಳೆಯದೊಂದು ಕತೆಯಿದೆ. ರಿಚರ್ಡ್ ಶಾಂಕ್ ಎಂಬ ಸಂಶೋಧಕ ನ್ಯೂಯಾರ್ಕ್ ರಾಜ್ಯದ ಒಂದು ಪುಟ್ಟ ಹಳ್ಳಿಯಲ್ಲಿ ನೆಲೆಸಿ 1932ರಲ್ಲಿ ತನ್ನ ಅಧ್ಯಯನ ಪ್ರಕಟಿಸಿದ. ಹಳ್ಳಿಯ ನಿಜ ಹೆಸರನ್ನು ಮುಚ್ಚಿಟ್ಟು ‘ಎಲ್ಮ್ ಹಾಲೋ’ ಎಂದು ಕರೆದ. ಕಟ್ಟಾ ಮೆಥಡಿಸ್ಟ್ ಚರ್ಚಿನ ಊರು. ಕುಡಿತ ಪಾಪ, ಹೊಗೆಸೊಪ್ಪು ಪಾಪ, ಇಸ್ಪೀಟು ಪಾಪ. ಶಾಂಕ್ ಕೇಳಿದಾಗ ಎಲ್ಲರೂ ಒಂದೇ ದನಿಯಲ್ಲಿ ‘ಹೌದು, ತಪ್ಪು’ ಎಂದರು. ಸಲಿಗೆ ಬೆಳೆದ ಮೇಲೆ ಅದೇ ಜನ ಕಿಟಕಿಗೆ ಪರದೆ ಎಳೆದು ಅವನ ಜತೆ ಇಸ್ಪೀಟು ಆಡಿದರು, ಕುಡಿದರು ಕೂಡ. ಪಕ್ಕದ ಮನೆಯಲ್ಲೂ ಪರದೆ ಎಳೆದಿರುತ್ತಿತ್ತು. ಆದರೂ ನಿಯಮವನ್ನು ಒಳಗೊಳಗೇ ಒಪ್ಪದವನು ಊರಿಗೆಲ್ಲ ತಾನೊಬ್ಬನೇ ಎಂದೇ ಅಲ್ಲಿನವರು ತಿಳಿದಿದ್ದರು. ಎಲ್ಲರೂ ಕೂಡಿ ಒಬ್ಬರನ್ನೊಬ್ಬರು ತಪ್ಪು ತಿಳಿದಿರುವ ಈ ಸ್ಥಿತಿಗೆ ಮನೋವಿಜ್ಞಾನಿಗಳು ‘ಪ್ಲೂರಲಿಸ್ಟಿಕ್ ಇಗ್ನೊರೆನ್ಸ್’ ಎಂದು ಹೆಸರಿಟ್ಟರು. ಯಾರೂ ಪೂರ್ತಿ ಒಪ್ಪದ ನಿಯಮವೊಂದು ಎಲ್ಲರ ಹೆಗಲ ಮೇಲೂ ಕೂತು ಹೀಗೆ ತಲೆಮಾರು ಸಾಗುತ್ತದೆ.

ಧರ್ಮಗುರುಗಳ ಪೀಠಕ್ಕೂ ಇದು ತಪ್ಪಿದ್ದಲ್ಲ. 2010ರಲ್ಲಿ ತತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್ ಮತ್ತು ಲಿಂಡಾ ಲಾಸ್ಕೋಲಾ ಸೇರಿ, ನಂಬಿಕೆ ಕಳೆದುಕೊಂಡೂ ಚರ್ಚಿನ ಕೆಲಸದಲ್ಲಿ ಮುಂದುವರಿದಿದ್ದ ಐವರು ಪಾದ್ರಿಗಳನ್ನು ಗುಟ್ಟಾಗಿ ಮಾತಾಡಿಸಿ ವರದಿ ಬರೆದರು. ಐವರು ಅಂದರೆ ತೀರಾ ಸಣ್ಣ ಸಂಖ್ಯೆ, ಅದರಿಂದ ಲೋಕಕ್ಕೆ ಅನ್ವಯಿಸುವ ತೀರ್ಮಾನ ತೆಗೆಯುವಂತಿಲ್ಲ. ಆದರೆ ಮರುವರ್ಷ ಅಂಥವರಿಗಾಗಿಯೇ ‘ಕ್ಲರ್ಜಿ ಪ್ರಾಜೆಕ್ಟ್’ ಎಂಬ ಗುಪ್ತ ಆನ್‌ಲೈನ್ ಕೂಟ ಶುರುವಾದಾಗ ಬೇರೆ ಬೇರೆ ಧರ್ಮಗಳ ಬೋಧಕರು ಬಂದು ಸೇರಿಕೊಂಡರು. ವೇದಿಕೆಯ ಮೇಲಿನವನು ಸಭೆಗೆ ಹೆದರಿದ್ದಾನೆ, ಸಭೆ ವೇದಿಕೆಗೆ ಹೆದರಿದೆ.

ಇಷ್ಟು ಓದಿದವರು ‘ಹಾಗಾದರೆ ಎದ್ದು ನಿಂತು ಹೇಳಿಬಿಡಬಾರದೇ?’ ಎನ್ನಬಹುದು. ಹೇಳಲು ಸುಲಭ. ಸಮುದಾಯವನ್ನು ಒಂದಷ್ಟು ಸಿದ್ಧಾಂತಗಳ ಪಟ್ಟಿ ಎಂದುಕೊಂಡವರಿಗೆ ಮಾತ್ರ ಅದು ಸುಲಭವಾಗಿ ಕಾಣುತ್ತದೆ. ಧಾರ್ಮಿಕ ಸಮುದಾಯವೆಂದರೆ ಹೆಣ್ಣು ಗಂಡು ಹುಡುಕಿಕೊಡುವ ಜಾಲ, ಕೆಲಸಕ್ಕೆ ಶಿಫಾರಸು ಮಾಡುವ ಪರಿಚಯ, ಕಾಯಿಲೆ ಬಿದ್ದಾಗ ಬಾಗಿಲು ತಟ್ಟುವ ಕೈ, ಸತ್ತಾಗ ಕೊಡುವ ಹೆಗಲು. ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ 19ನೇ ಶತಮಾನದ ಅಮೆರಿಕದಲ್ಲಿ ಹುಟ್ಟಿಕೊಂಡ 200 ಸಹಬಾಳ್ವೆಯ ಪಂಗಡಗಳ ಆಯಸ್ಸನ್ನು ಲೆಕ್ಕಹಾಕಿದ್ದಾರೆ. ಯಾವುದೇ ಒಂದು ವರ್ಷವನ್ನು ದಾಟಿ ಬದುಕುಳಿಯುವ ಸಾಧ್ಯತೆ ಧಾರ್ಮಿಕ ಪಂಗಡಗಳಿಗೆ ಇತರರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ನಂತರದ ಅಧ್ಯಯನವೊಂದರಲ್ಲಿ ಇನ್ನೂ ವಿಚಿತ್ರ ಸಂಗತಿ ಕಂಡಿತು. ಇದನ್ನು ತಿನ್ನಬೇಡ, ಅದನ್ನು ತೊಡಬೇಡ ಎಂಬ ಕಟ್ಟುಪಾಡು ಹೆಚ್ಚಿದಷ್ಟೂ ಧಾರ್ಮಿಕ ಪಂಗಡಗಳು ಗಟ್ಟಿಯಾದವು, ಧರ್ಮವಿಲ್ಲದ ಪಂಗಡಗಳಿಗೆ ಅದೇ ಕಟ್ಟುಪಾಡಿನಿಂದ ಯಾವ ಬಲವೂ ಬರಲಿಲ್ಲ. ಹೊರಗಿನವನಿಗೆ ಅರ್ಥಹೀನವಾಗಿ ಕಾಣುವ ನಿಯಮ ಒಳಗಿನವರಿಗೆ ‘ಇವನು ನಮ್ಮವನು, ನಾಳೆ ಕೈಕೊಡುವುದಿಲ್ಲ’ ಎಂಬ ಮುಚ್ಚಳಿಕೆ. ಹೀಗಾಗಿ ನಿಮ್ಮ ಪ್ರಶ್ನೆ ಅವರ ಕಿವಿಗೆ ಪ್ರಶ್ನೆಯಾಗಿ ಬೀಳುವುದೇ ಇಲ್ಲ, ‘ನಾನು ಹೊರಟೆ’ ಎಂಬಂತೆ ಕೇಳಿಸುತ್ತದೆ. ಸಂದೇಹಿಗಳು ಇದನ್ನು ಅರ್ಥ ಮಾಡಿಕೊಳ್ಳದೆ ತರ್ಕದ ಮೇಲೆ ತರ್ಕ ಪೇರಿಸುತ್ತಾ ಹೋಗುತ್ತಾರೆ. ನಾನೂ ಅಂಥ ವಾದಗಳಲ್ಲಿ ಗೆದ್ದಿದ್ದೇನೆ. ಗೆದ್ದ ಮೇಲೆ ಆ ಮನೆಯವರು ನನ್ನನ್ನು ಮತ್ತೆ ಕರೆಯಲಿಲ್ಲ.

ಬೆಲೆ ಬರೀ ಇಷ್ಟಕ್ಕೇ ಮುಗಿದರೆ ಪುಣ್ಯ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯ ಮುಂದೆ ದೊಡ್ಡ ತತ್ವಜ್ಞಾನಿ ಎನಿಸಿದ 23 ವರ್ಷದ ಬಾರೂಕ್ ಸ್ಪಿನೋಜಾನಿಗೆ ಹಾಕಿದ ಬಹಿಷ್ಕಾರವನ್ನು ನೋಡಿ. ಅವನ ಜತೆ ಯಾರೂ ಮಾತಾಡಕೂಡದು, ಪತ್ರ ಬರೆಯಕೂಡದು, ನಾಲ್ಕು ಮೊಳಕ್ಕಿಂತ ಹತ್ತಿರ ಹೋಗಕೂಡದು, ಅವನು ಬರೆದದ್ದನ್ನು ಓದಕೂಡದು. ಅದೇ ಊರಿನಲ್ಲಿ ಅವನಿಗಿಂತ ಮೊದಲು ಊರಿಯೆಲ್ ಡ ಕೋಸ್ಟಾ ಎಂಬುವನು ಇಂಥದ್ದೇ ಬಹಿಷ್ಕಾರ ತಾಳಲಾರದೆ ಶರಣಾಗಿ ವಾಪಸಾಗಿದ್ದ. ಅವನಿಗೆ ಸಭೆಯ ಎದುರು 39 ಛಡಿಯೇಟು ಹಾಕಿ, ಹೊಸ್ತಿಲಲ್ಲಿ ಮಲಗಿಸಿ ಎಲ್ಲರೂ ದಾಟಿಹೋದರು. ಕೆಲವೇ ದಿನಗಳಲ್ಲಿ ಅವನು ಜೀವ ಕಳೆದುಕೊಂಡ. ಸ್ಪಿನೋಜಾ ವಾಪಸಾಗಲಿಲ್ಲ, ಇನ್ನೊಂದು ಧರ್ಮಕ್ಕೂ ಸೇರಲಿಲ್ಲ. ಮಸೂರ ಉಜ್ಜುವ ಕಸುಬು ಕೈಯಲ್ಲಿತ್ತು, ಹೊರಗೆ ಗೆಳೆಯರಿದ್ದರು. ಇಬ್ಬರಲ್ಲಿ ಯಾರ ತರ್ಕ ಹರಿತವಾಗಿತ್ತು ಎಂದು ನಾವು ಚರ್ಚಿಸುತ್ತೇವೆ. ಯಾರಿಗೆ ಗೆಳೆಯರಿದ್ದರು ಎಂದು ಕೇಳುವುದು ಕಡಿಮೆ.

ಇದನ್ನು ಹಳೆಯ ಕಾಲದ ಕತೆ ಎನ್ನುವಂತಿಲ್ಲ. ನೈಜೀರಿಯಾದ ಕೆಮಿಕಲ್ ಎಂಜಿನಿಯರ್ ಮುಬಾರಕ್ ಬಾಲಾ ತನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದಾಗ, 2014ರಲ್ಲಿ ಮನೆಯವರೇ ಅವರನ್ನು ಮಾನಸಿಕ ಚಿಕಿತ್ಸೆಯ ವಾರ್ಡಿಗೆ ಸೇರಿಸಿದರು. ಸಂದೇಹವನ್ನು ವಾದ ಎಂದು ಕಾಣಲಾಗದ ಮನೆಗೆ ಅದು ಕಾಯಿಲೆಯಾಗಿ ಕಂಡಿತು. 2020ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಬರಹಗಳಿಗಾಗಿ ಅವರ ಬಂಧನವಾಯಿತು. 2022ರಲ್ಲಿ 24 ವರ್ಷ ಜೈಲು. ಮೇಲ್ಮನವಿಯಲ್ಲಿ ಶಿಕ್ಷೆ 5 ವರ್ಷಕ್ಕೆ ಇಳಿಯಿತು, ಬಿಡುಗಡೆಯ ಸುದ್ದಿ ಬಂದದ್ದು 2025ರ ಜನವರಿಯಲ್ಲಿ. ಪ್ಯೂ ಪರಿಶೀಲಿಸಿದ 198 ದೇಶ ಮತ್ತು ಪ್ರದೇಶಗಳ ಪೈಕಿ 2019ರಲ್ಲಿ 79ರಲ್ಲಿ ಧರ್ಮನಿಂದನೆಯನ್ನು, 22ರಲ್ಲಿ ಧರ್ಮತ್ಯಾಗವನ್ನು ಅಪರಾಧವಾಗಿಸುವ ಕಾನೂನುಗಳಿದ್ದವು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಧರ್ಮವನ್ನು ಬದಲಿಸುವ ಸ್ವಾತಂತ್ರ್ಯವನ್ನು ಹೆಸರಿಸಿಯೇ ಹೇಳುತ್ತದೆ. 1993ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 18ನೇ ವಿಧಿಯನ್ನು ವಿವರಿಸುತ್ತಾ, ಯಾವ ಧರ್ಮವನ್ನೂ ನಂಬದಿರುವ ಹಕ್ಕೂ ಅದರಲ್ಲೇ ಸೇರಿದೆ ಎಂದು ಸ್ಪಷ್ಟಪಡಿಸಿತು. ಕಾಗದದ ಮಟ್ಟಿಗೆ ವಿಷಯ ಮುಗಿದಿದೆ.

ಎಲ್ಲ ಕಾಲವೂ ಎಲ್ಲ ಊರೂ ಹೀಗೇ ಇದ್ದವು ಎಂದರೂ ತಪ್ಪಾದೀತು. ಸಿರಿಯಾದ ಕುರುಡು ಕವಿ ಅಬುಲ್ ಅಲಾ ಅಲ್-ಮಾರ್ರಿ ಹತ್ತನೇ ಶತಮಾನದ ಕೊನೆ, ಹನ್ನೊಂದರ ಮೊದಲ ಭಾಗದಲ್ಲಿ ಬದುಕಿದವನು. ಯಾವ ಧರ್ಮವನ್ನೂ ಬಿಡದೆ ಕುಟುಕಿದ. ಅವನನ್ನು ಬೈದವರಿದ್ದರು, ಆದರೆ ಅವನು ತನ್ನ ಊರಿನಲ್ಲೇ, ದೂರದಿಂದ ಹುಡುಕಿಕೊಂಡು ಬಂದ ಶಿಷ್ಯರ ನಡುವೆ ಎಂಬತ್ತು ದಾಟಿ ತೀರಿಕೊಂಡ. ಸುಮಾರು ಸಾವಿರ ವರ್ಷದ ನಂತರ, 2013ರಲ್ಲಿ, ಅದೇ ಊರಿನಲ್ಲಿದ್ದ ಅವನ ಪ್ರತಿಮೆಯ ತಲೆಯನ್ನು ಉಗ್ರರು ಕಡಿದರು. ಭಾರತದ ಚಾರ್ವಾಕರದು ಮತ್ತೊಂದು ಬಗೆಯ ದುರದೃಷ್ಟ. ಅವರ ಮಾತು ನಮಗೆ ತಿಳಿದಿರುವುದು ಹೆಚ್ಚಾಗಿ ಅವರನ್ನು ಖಂಡಿಸಲು ಹೊರಟವರ ಗ್ರಂಥಗಳಿಂದ. ಎದುರಾಳಿಯ ಬಾಯಲ್ಲಿ ಉಳಿದುಕೊಂಡ ಸಂದೇಹವನ್ನು ನಂಬುವುದಾದರೂ ಎಷ್ಟು?

ಇನ್ನು ಸಂದೇಹಿಗಳ ಕಡೆಗೊಂದು ಮಾತು. ಇದನ್ನು ಬರೆಯುವಾಗ ಸ್ವಲ್ಪ ಇರುಸುಮುರುಸಾಗುತ್ತದೆ, ಏಕೆಂದರೆ ಒಂದು ಕಾಲಕ್ಕೆ ನಾನೂ ಇದನ್ನು ಉತ್ಸಾಹದಿಂದ ಹಂಚಿದ್ದೆ. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ವಿಶ್ಲೇಷಣಾತ್ಮಕವಾಗಿ ಯೋಚಿಸುವಂತೆ ಪ್ರಚೋದಿಸಿದರೆ ಜನರ ದೈವನಂಬಿಕೆ ಇಳಿಯುತ್ತದೆ ಎಂದು ಅದರ ತೀರ್ಮಾನ. ಅದರ ಒಂದು ಪ್ರಯೋಗದಲ್ಲಿ ಶಿಲ್ಪಿ ರೊಡಾನ್‌ನ ‘ಚಿಂತಕ’ ಪ್ರತಿಮೆಯ ಚಿತ್ರ ನೋಡಿದವರು, ಬೇರೆ ಪ್ರತಿಮೆಯ ಚಿತ್ರ ನೋಡಿದವರಿಗಿಂತ ದೇವರನ್ನು ಕಡಿಮೆ ನಂಬುತ್ತೇವೆ ಎಂದರಂತೆ. ಭಾಗವಹಿಸಿದ್ದು 57 ವಿದ್ಯಾರ್ಥಿಗಳು. ಒಂದು ಚಿತ್ರ ನೋಡಿದ ಮಾತ್ರಕ್ಕೆ ಬಾಲ್ಯದಿಂದ ಬಂದ ನಂಬಿಕೆ ಅಲುಗಾಡುತ್ತದೆಯೇ? ಯಾವುದೋ ವಿಗ್ರಹದ ಚಿತ್ರ ನೋಡಿದರೆ ಜ್ವರ ಇಳಿಯುತ್ತದೆ ಎಂದು ಯಾರಾದರೂ 57 ಜನರ ಪುರಾವೆ ತಂದಿದ್ದರೆ ನಾವು ನಕ್ಕು ಬಿಸಾಕುತ್ತಿದ್ದೆವು. ಇದನ್ನು ಮಾತ್ರ ವಿಜ್ಞಾನವೆಂದು ಮೆರೆಸಿದೆವು, ನಮ್ಮ ಬೆನ್ನು ತಟ್ಟುತ್ತಿತ್ತಲ್ಲ. ಮುಂದೆ ಬೇರೆ ತಂಡಗಳು ಹೆಚ್ಚು ಜನರನ್ನಿಟ್ಟುಕೊಂಡು ಪ್ರಯೋಗವನ್ನು ಪುನಃ ಮಾಡಿದಾಗ ಪರಿಣಾಮ ಕಾಣಲಿಲ್ಲ. ಮೂಲ ಸಂಶೋಧಕರಲ್ಲೊಬ್ಬರಾದ ವಿಲ್ ಗರ್ವೇಸ್ ತಮ್ಮ ಅಧ್ಯಯನದ ದೌರ್ಬಲ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡರು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ವಿಮರ್ಶಾತ್ಮಕ ಚಿಂತನೆ ನಡೆದದ್ದು ಆ ಒಪ್ಪಿಗೆಯಲ್ಲಿ. ಹಂಚಿದ ನಮ್ಮಲ್ಲಿ ಎಷ್ಟು ಜನ ತಿದ್ದುಪಡಿಯನ್ನೂ ಹಂಚಿದೆವು?

ಪ್ರಾರ್ಥನೆಯ ಪ್ರಯೋಗದ ವಿಷಯದಲ್ಲೂ ಹೀಗೇ ಆಯಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆರು ಆಸ್ಪತ್ರೆಗಳ 1,802 ಹೃದಯ ಬೈಪಾಸ್ ರೋಗಿಗಳಿದ್ದರು. ‘ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು’ ಎಂದಷ್ಟೇ ಹೇಳಿದ ಎರಡು ಗುಂಪುಗಳಲ್ಲಿ, ನಿಜಕ್ಕೂ ಪ್ರಾರ್ಥಿಸಿದ ಗುಂಪಿನ ಶೇ 52 ಮಂದಿಗೆ, ಪ್ರಾರ್ಥಿಸದ ಗುಂಪಿನ ಶೇ 51 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ತೊಡಕುಗಳಾದವು. ಅಂದರೆ ವ್ಯತ್ಯಾಸವಿಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ’ ಎಂದು ತಿಳಿಸಿದ ಮೂರನೇ ಗುಂಪಿನಲ್ಲಿ ಶೇ 59. ಕೆಲವು ಸಂದೇಹಿಗಳು ‘ನೋಡಿ, ಪ್ರಾರ್ಥನೆ ಅಪಾಯಕಾರಿ’ ಎಂದು ಕುಣಿದರು. ಆ ಹೆಚ್ಚಳ ಬರೀ ಆಕಸ್ಮಿಕವಿರಬಹುದು, ‘ನನಗಾಗಿ ಪ್ರಾರ್ಥಿಸುವಷ್ಟು ಸ್ಥಿತಿ ಕೆಟ್ಟಿದೆಯೇ’ ಎಂಬ ದಿಗಿಲೂ ಇರಬಹುದು. ಅಪರಿಚಿತರು ದೂರದಲ್ಲಿ ಕೂತು ಪ್ರಾರ್ಥಿಸಿದರೆ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ತೊಡಕು ತಗ್ಗಲಿಲ್ಲ, ಅಧ್ಯಯನ ತೋರಿಸಿದ್ದು ಇಷ್ಟೇ. ಹಾಸಿಗೆಯ ಪಕ್ಕ ಕೂತು ಕೈಹಿಡಿದವರ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಹಾಗಾದರೆ ಸಮುದಾಯದೊಳಗೆ ಇದ್ದುಕೊಂಡೇ ಪ್ರಶ್ನಿಸುವವನು ತನ್ನ ಬತ್ತಳಿಕೆಯನ್ನು ಎಲ್ಲಿ ಬರಿದು ಮಾಡಬೇಕು? ನನ್ನ ಉತ್ತರ: ಯಾರಿಗೋ ಪೆಟ್ಟು ಬೀಳುವಲ್ಲಿ. ಅಜ್ಜಿ ಮಲಗುವ ಮುನ್ನ ಹೇಳಿಕೊಳ್ಳುವ ನಾಲ್ಕು ಸಾಲಿನಿಂದ ಯಾರಿಗೂ ಹಾನಿಯಿಲ್ಲ. ಔಷಧಿ ನಿಲ್ಲಿಸು ಎನ್ನುವವನಿಂದ ಇದೆ. ‘ನಮ್ಮವರೇ, ಕೊಡಿ’ ಎಂದು ಉಳಿತಾಯದ ಹಣ ಕೇಳುವವನಿಂದಂತೂ ಇದ್ದೇ ಇದೆ. ನಂಬಿಕೆಯ ಸಮುದಾಯಗಳು ವಂಚಕರಿಗೆ ಹುಲುಸಾದ ಗದ್ದೆ, ಏಕೆಂದರೆ ಅಲ್ಲಿ ಲೆಕ್ಕ ಕೇಳುವುದೇ ಅವಮಾನ. ಅಮೆರಿಕದ ಯೆಹೂದಿ ಹಣಕಾಸುದಾರ ಬರ್ನಾರ್ಡ್ ಮೇಡಾಫ್‌ನ, 2008ರಲ್ಲಿ ಬಯಲಾದ ಹೂಡಿಕೆ ಹಗರಣದಲ್ಲಿ ಯೆಹೂದಿ ದತ್ತಿಗಳು, ವಿದ್ಯಾಸಂಸ್ಥೆಗಳು ಸಾಲಾಗಿ ಮುಳುಗಿದವು. ನೊಬೆಲ್ ಶಾಂತಿ ಪುರಸ್ಕೃತ ಎಲೀ ವೀಸೆಲ್ ಅವರ ಪ್ರತಿಷ್ಠಾನವೊಂದೇ 1.5 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಮೇಡಾಫ್ ಯಾವ ಪವಾಡವನ್ನೂ ತೋರಿಸಿರಲಿಲ್ಲ. ‘ನಮ್ಮವನು’ ಎಂಬ ಒಂದೇ ಪದ ಸಾಕಾಗಿತ್ತು. ಇಂಥ ಕಡೆ ‘ಆಡಿಟ್ ವರದಿ ಎಲ್ಲಿದೆ?’ ಎಂದು ಕೇಳುವವನು ದೇವರನ್ನು ನಂಬುತ್ತಾನೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಶ್ರದ್ಧಾವಂತರಲ್ಲೇ ಎಷ್ಟೋ ಜನ ಈ ಪ್ರಶ್ನೆ ಕೇಳಲು ಇನ್ನೊಬ್ಬನಿಗಾಗಿ ಕಾಯುತ್ತಿರುತ್ತಾರೆ. ಆ್ಯಶ್‌ನ ಕೋಣೆಯ ಆ ಎರಡನೆಯ ದನಿ ಇಲ್ಲಿ ಬಹಳ ಕೆಲಸ ಮಾಡುತ್ತದೆ.

ಬಯಲಿಗೆಳೆದರೆ ಸಾಕೇ ಎಂದರೆ, ಸಾಲದು. 1986ರಲ್ಲಿ ಜಾದೂಗಾರ ಜೇಮ್ಸ್ ರ್‍ಯಾಂಡಿ ಮತ್ತವನ ಗೆಳೆಯರು ಅಮೆರಿಕದ ಪೀಟರ್ ಪೊಪಾಫ್ ಎಂಬ ‘ದೈವೀ ಚಿಕಿತ್ಸಕ’ನ ಗುಟ್ಟನ್ನು ರೇಡಿಯೊ ಸ್ಕ್ಯಾನರಿನಲ್ಲಿ ಹಿಡಿದರು. ಭಕ್ತರ ಹೆಸರು, ಕಾಯಿಲೆ, ವಿಳಾಸವನ್ನು ದೇವರು ಹೇಳುತ್ತಿದ್ದಾನೆ ಎಂದು ಪೊಪಾಫ್ ಹೇಳಿಕೊಳ್ಳುತ್ತಿದ್ದ. ಹೇಳುತ್ತಿದ್ದದ್ದು ಅವನ ಹೆಂಡತಿ, 39.17 ಮೆಗಾಹರ್ಟ್ಸ್‌ನಲ್ಲಿ, ಅವನ ಕಿವಿಯೊಳಗಿನ ಪುಟ್ಟ ಯಂತ್ರಕ್ಕೆ. ಧ್ವನಿಮುದ್ರಿಕೆ ರಾಷ್ಟ್ರೀಯ ಟಿವಿಯಲ್ಲಿ ಬಂತು. ಮರುವರ್ಷ ಅವನು ದಿವಾಳಿ ಎಂದು ಘೋಷಿಸಿಕೊಂಡ. ಆಮೇಲೆ? ಕೆಲವು ವರ್ಷಕ್ಕೆ ಮತ್ತೆ ಟಿವಿಯಲ್ಲಿ ಕಾಣಿಸಿಕೊಂಡ, ಕಾಸೂ ಹರಿದುಬಂತು. ಜನ ದಡ್ಡರು ಎನ್ನುವುದು ಸೋಮಾರಿಯ ವಿವರಣೆ. ಅವನ ಬಳಿ ಹೋದವರ ಕಾಯಿಲೆ ನಿಜ, ಸಾಲ ನಿಜ, ಕೇಳುವವರಿಲ್ಲದ ಒಂಟಿತನ ನಿಜ. ರ್‍ಯಾಂಡಿ ತೋರಿಸಿದ ಸತ್ಯದಿಂದ ಅದರಲ್ಲಿ ಯಾವುದೂ ಕಮ್ಮಿಯಾಗಲಿಲ್ಲ.

ದಿನದ ಬದುಕಿನಲ್ಲಿ ಬಹುತೇಕ ಸಂದೇಹಿಗಳು ತಮ್ಮದೇ ಒಂದು ಒಪ್ಪಂದ ಮಾಡಿಕೊಂಡಿರುತ್ತಾರೆ. ಹಬ್ಬಕ್ಕೆ ಬರುತ್ತೇನೆ, ಉಪದೇಶಕ್ಕೆ ಬರುವುದಿಲ್ಲ. ತಲೆ ಬಾಗಿಸುತ್ತೇನೆ, ತುಟಿ ಆಡಿಸುವುದಿಲ್ಲ. ಹೊರಗೆ ನಿಂತ ಧೈರ್ಯವಂತರು ಇದನ್ನು ಆಷಾಢಭೂತಿತನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯವರೂ ಎಷ್ಟೋ ಸಲ ಎಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದುಬಿಡುತ್ತಾರೆ. ಅದೂ ಒಂದು ಪ್ರೀತಿಯೇ. ಆದರೆ ಈ ಒಪ್ಪಂದಕ್ಕೆ ಆಯಸ್ಸು ಕಡಿಮೆ. ಅದು ಮುರಿಯುವುದು ಮಕ್ಕಳಾದಾಗ.

ಮಕ್ಕಳಿಗೆ ಏನು ಹೇಳಿಕೊಡಬೇಕು ಎಂದು ಗಂಡ ಹೆಂಡತಿ, ಅಜ್ಜ ಅಜ್ಜಿ ಜಗಳವಾಡುತ್ತಾರೆ. ಜೋಸೆಫ್ ಹೆನ್ರಿಕ್ ಮುಂತಾದ ವಿದ್ವಾಂಸರ ಪ್ರಕಾರ ನಂಬಿಕೆ ದಾಟಿಹೋಗುವಲ್ಲಿ ಹೇಳಿಕೊಟ್ಟ ಮಾತಿಗಿಂತ ಮಾಡಿ ತೋರಿಸಿದ್ದರ ತೂಕ ದೊಡ್ಡದು. ದೊಡ್ಡವರು ತಮ್ಮ ನಂಬಿಕೆಗಾಗಿ ಉಪವಾಸ ಮಾಡುತ್ತಾರೆಯೇ, ನಿದ್ದೆ ಕೆಡುತ್ತಾರೆಯೇ, ಕೈಯಿಂದ ಕಾಸು ಬಿಚ್ಚುತ್ತಾರೆಯೇ ಎಂದು ಮಕ್ಕಳು ಗಮನಿಸುತ್ತಾರೆ. ಸಂದೇಹವೂ ಹೀಗೇ ದಾಟುತ್ತದೆ ಎಂದು ನನ್ನ ಊಹೆ.

ಮೊದಲು ಹೇಳಿದ ಆ ಪ್ರಾರ್ಥನೆಗೇ ವಾಪಸು ಹೋದರೆ, ಅಲ್ಲಿ ಕಣ್ಣು ತೆರೆದಿದ್ದವರು ಇಬ್ಬರೇ ಅಲ್ಲ. ಮಕ್ಕಳೆಲ್ಲರ ಕಣ್ಣೂ ತೆರೆದೇ ಇತ್ತು, ನಾವು ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳ ಪಕ್ಕದಲ್ಲೇ ಕೂತ ಆರು ವರ್ಷದ ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಎಲ್ಲರೂ ಮೌನವಾಗಿದ್ದ ಹೊತ್ತಿನಲ್ಲಿ, ಸಭೆಗೆಲ್ಲ ಕೇಳುವ ಹಾಗೆ ಕೇಳಿದಳು: ‘ಅಮ್ಮಾ, ನೀನ್ಯಾಕೆ ಕಣ್ಣು ಮುಚ್ಕೊಂಡಿಲ್ಲ?’